ಮೂವತ್ತೊಂದು ಮುದ್ದೆಕೋಲು

ಕನ್ನಡದಲ್ಲಿ ನಾನು ಮೂರು ಸಲ ಫೇಲಾದವಳು. ಇದನ್ನು ಮುಚ್ಚಿಟ್ಟರೆ ನನ್ನ ಬಾಯಿಗೆ ಹುಳ ಬಿದ್ದೀತು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಲೆಕ್ಕ ಬರುತ್ತಿತ್ತು, ವಿಜ್ಞಾನವನ್ನು ಹೇಗೋ ತಳ್ಳಿಕೊಂಡು ಹೋಗುತ್ತಿದ್ದೆ. ಕನ್ನಡದ ಉತ್ತರಪತ್ರಿಕೆ ಮಾತ್ರ ಕೋದಂಡರಾಮಪ್ಪ ಪಂಡಿತರ ಕೈಯಿಂದ ವಾಪಸು ಬರುವಾಗ ಕೆಂಪು ಮಸಿಯಲ್ಲಿ ಮಿಂದು ಬರುತ್ತಿತ್ತು. ಪ್ರತಿ ಸಾಲಿನ ಪಕ್ಕದಲ್ಲೂ 'ಗ್ರಾಮ್ಯ' ಅಂತ ಬರೆದಿರುತ್ತಿದ್ದರು. ಅಲ್ಲ ಸ್ವಾಮಿ, ಮನೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ ಆಡಿಕೊಂಡು, ಬೆಳಿಗ್ಗೆ ಸಗಣಿ ಬಾಚಿ ಸ್ಕೂಲಿಗೆ ಓಡಿ ಬರುವ ಹುಡುಗಿ ಆಸ್ಥಾನದ ಕನ್ನಡವನ್ನು ಎಲ್ಲಿಂದ ತರಬೇಕು? ಇದನ್ನು ಅವರನ್ನೇ ಕೇಳಿದ್ದೆ. ಅವತ್ತು ಇಡೀ ಪೀರಿಯಡ್ ಬೆಂಚಿನ ಮೇಲೆ ನಿಲ್ಲಿಸಿದರು.

ಎಪ್ಪತ್ತೆಂಟನೇ ಇಸವಿ. ನಾನು, ಮುನಿಗಂಗಮ್ಮ, ಹತ್ತನೇ ಕ್ಲಾಸು. ನಮ್ಮ ಹೈಸ್ಕೂಲು ಹೋಳೂರಿಗೂ ಶ್ರೀನಿವಾಸಪುರಕ್ಕೂ ನಡುವೆ ಒಂದು ಊರಲ್ಲಿತ್ತು, ಹೆಸರು ಯಾಕೆ ಬಿಡಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಪಾಸಾದವರ ಫಾರಂ ಮಾತ್ರ ಎಸ್ಸೆಸ್ಸೆಲ್ಸಿಗೆ ಕಳಿಸುತ್ತೇನೆ ಅಂತ ಹೆಡ್ಮಾಷ್ಟ್ರು ಪಟ್ಟು ಹಿಡಿದಿದ್ದರು. ನಮ್ಮಪ್ಪ ಚನ್ನರಾಯಪ್ಪನದು ಇನ್ನೊಂದು ಪಟ್ಟು. "ಫಾರಂ ಹೋಗ್ಲಿಲ್ಲ ಅಂದ್ರೆ ನೀನೂ ಹೋಗೋದು ಬೇಡ. ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳಕ್ಕೆ ಹಾಕ್ಕೊಂಡು ಬಿದ್ದಿರು." ನನಗೋ ಶ್ರೀನಿವಾಸಪುರದ ಟೆಲಿಫೋನ್ ಆಫೀಸಿನ ಮೇಲೆ ಕಣ್ಣು. ಅಲ್ಲಿ ಒಬ್ಬಾಕೆ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತು, ಮಾವಿನ ಮಂಡಿಯವರೆಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ಸಂಬಳ ಬೇರೆ ಕೊಡುತ್ತಿದ್ದರಂತೆ. ಊರಿನವರ ಮಾತು ಕೇಳಿಸಿಕೊಳ್ಳುವುದಕ್ಕೆ ಸಂಬಳ ಕೊಡುವ ಕೆಲಸ ಇರುವಾಗ ಹುಳಕ್ಕೆ ಸೊಪ್ಪು ಯಾರು ಹಾಕುತ್ತಾರೆ? ಆದರೆ ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಿತ್ತು.

ಆ ವರ್ಷ ಕೋಲಾರದಿಂದ ಬಸ್ಸಿನಲ್ಲಿ ಬಂದುಹೋಗುವ ಶಾಮಲಮ್ಮ ಟೀಚರ್ ಹೊಸದಾಗಿ ಸೇರಿದ್ದರು. ಚಿಕ್ಕ ವಯಸ್ಸು, ದಪ್ಪ ಕನ್ನಡಕ. ಮೈಸೂರಲ್ಲಿ ಯಾವುದೋ ತರಬೇತಿ ಮುಗಿಸಿ ಬಂದವರು ಹೆಡ್ಮಾಷ್ಟ್ರ ಹಿಂದೆ ಬಿದ್ದು ಒಂದು ಹೊಸ ಪದ್ಧತಿ ತಂದರು. ಕನ್ನಡದ ನೂರು ಮಾರ್ಕಿನಲ್ಲಿ ಎಪ್ಪತ್ತೈದು ಮಾತ್ರ ಬರೆಯುವ ಪರೀಕ್ಷೆಗೆ. ಉಳಿದ ಇಪ್ಪತ್ತೈದಕ್ಕೆ ನಾವೇ ಒಂದು ಮ್ಯೂಸಿಯಂ ಮಾಡಬೇಕು. ಮನೆಯಲ್ಲಿ ದಿನವೂ ಬಳಸುವ ಒಂದು ಹಳೆಯ ಸಾಮಾನು ತಂದು ಇಡಬೇಕು, ಅದರ ಬಗ್ಗೆ ಹತ್ತು ಸಾಲಿನ ಚೀಟಿ ಬರೆದು ಅಂಟಿಸಬೇಕು. ನೋಡಲು ಬಂದವರಿಗೆ ಚೀಟಿ ಓದಿದರೆ ಆ ಸಾಮಾನಿನ ಗುರುತು ಹತ್ತಬೇಕು.

ಹೆಡ್ಮಾಷ್ಟ್ರು ಒಪ್ಪಿದರು, ಆದರೆ ಮಾರ್ಕು ಕೊಡುವುದು ಹಿರಿಯರಾದ ಪಂಡಿತರೇ ಅಂದರು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುವ ಜನ ಅವರು.

ಬರೆಯುವ ಪರೀಕ್ಷೆ ಮುಗಿದು ಮಾರ್ಕು ಬಂತು. ನನಗೆ ಹದಿನಾಲ್ಕು. ಪಾಸಾಗಲು ಮೂವತ್ತೈದು ಬೇಕು. ಅಂದರೆ ಮ್ಯೂಸಿಯಂನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬರಬೇಕು. ಲೆಕ್ಕ ಬರುತ್ತದೆ ಅಂದೆನಲ್ಲ, ಅದೇ ನನ್ನ ಕರ್ಮ. ಎಷ್ಟು ಆಳದ ಬಾವಿಯಲ್ಲಿ ಬಿದ್ದಿದ್ದೇನೆ ಅಂತ ಚೆನ್ನಾಗಿ ಗೊತ್ತಾಯಿತು.

ಆದರೆ ಇಂಥ ಕಡೆಯೇ ನನ್ನ ತಲೆ ಓಡುವುದು. ಎಲ್ಲರೂ ಒಂದೇ ಸಾಮಾನು ತಂದರೆ ಎಲ್ಲರ ಚೀಟಿಯೂ ಒಂದೇ ಆಗುತ್ತದೆ. ನನ್ನ ಪಕ್ಕ ಕೂರುವ ಪರ್ವೀನ್ ಕನ್ನಡದಲ್ಲಿ ಕ್ಲಾಸಿಗೇ ಫಸ್ಟು. ಅವಳದನ್ನು ನೋಡಿ ಬರೆದರೆ ಯಾರಪ್ಪನಿಗೆ ತಿಳಿಯುತ್ತದೆ?

"ಯಾರಿಗೂ ಹೇಳ್ಬೇಡ ಕಣೇ," ಅಂತ ಅವಳ ಕಿವಿಯಲ್ಲಿ ಊದಿದೆ. "ಮುದ್ದೆಕೋಲು ತಂದೋರಿಗೆ ಟೀಚರ್ ಜಾಸ್ತಿ ಮಾರ್ಕ್ ಕೊಡ್ತಾರಂತೆ."

"ಅಲ್ಲಾ ಕಸಮ್, ಯಾರಿಗೂ ಹೇಳಲ್ಲ," ಅಂದಳು. ಸಾಯಂಕಾಲದ ಬೆಲ್ ಹೊಡೆಯುವ ಹೊತ್ತಿಗೆ ಗುಟ್ಟು ಇಡೀ ಕ್ಲಾಸಿಗೆ ಗೊತ್ತಿತ್ತು. ನನಗೆ ಬೇಕಾದದ್ದೂ ಅದೇ.

ಮನೆಗಳಲ್ಲೂ ಯಾರೂ ಬೇಡ ಅನ್ನಲಿಲ್ಲ. ಹಿತ್ತಾಳೆ ಚೆಂಬು ಕೊಡು ಅಂದರೆ ಸ್ಕೂಲಿನವರು ನುಂಗಿಬಿಡ್ತಾರೆ ಅನ್ನುತ್ತಿದ್ದ ಅಮ್ಮಂದಿರು, ಮುದ್ದೆಕೋಲು ತಾನೇ, ಮಧ್ಯಾಹ್ನದ ಅಡುಗೆ ಹೊತ್ತಿಗೆ ತಂದುಬಿಡು ಅಂದರು. ನಮ್ಮಜ್ಜಿ ಭಾರತಮ್ಮ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ನಮ್ಮ ಮನೆಯ ಹನ್ನೊಂದು ಜನಕ್ಕೂ ಹಿಟ್ಟು, ಅಂದರೆ ರಾಗಿ ಮುದ್ದೆ, ತೊಳಸುವವಳು ಅವಳು. "ಒಸೇ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಂತೆ! ಹಿಟ್ಟು ತೊಳಸೋ ಕೋಲನ್ನ ಗೋಡೆಗೆ ಒರಗಿಸಿ ನೋಡೋಕೆ ನಿಮ್ ಟೀಚರಮ್ಮಂಗೆ ಬೇರೆ ಕೆಲ್ಸ ಇಲ್ವ? ಹನ್ನೊಂದು ಗಂಟೆಗೆ ಬರ್ಲಿಲ್ಲ ಅಂದ್ರೆ ನಾನೇ ಬರ್ತೀನಿ ನೋಡು."

ನನ್ನ ಉಪಾಯ ಕೆಟ್ಟದ್ದು ಗುರುವಾರ. ಅವತ್ತು ಮನೆಯಲ್ಲಿ ಹುಳ ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು, ಹಗಲೂ ರಾತ್ರಿ ಸೊಪ್ಪು ಮೇಯುವ ಸಮಯ. ಅಪ್ಪ ನನ್ನನ್ನು ಸ್ಕೂಲಿಗೆ ಬಿಡಲಿಲ್ಲ. ಅದೇ ದಿನ ಪಂಡಿತರಿಗೆ, ಎಲ್ಲರೂ ಮುದ್ದೆಕೋಲೇ ತರುತ್ತಾರೆ ಅಂತ ತಿಳಿಯಿತು. ಮಕ್ಕಳು ತಮ್ಮಷ್ಟಕ್ಕೆ ತಾವೇ ಏನೋ ಬರೆಯುತ್ತಾರೆ ಅನ್ನುವುದನ್ನೇ ತಡೆದುಕೊಳ್ಳಲಾರದ ಮನುಷ್ಯ ಅವರು. ಕ್ಲಾಸಿಗೆ ಬಂದವರೇ ಮುದ್ದೆಕೋಲಿನ ಮೇಲೆ ಒಂದು ಪ್ರಬಂಧ ಹೇಳಿ ಬರೆಸಿ, ಬಾಯಿಪಾಠ ಮಾಡಿಕೊಂಡು ಬನ್ನಿ ಅಂದರಂತೆ.

ಶುಕ್ರವಾರ ಚೀಟಿ ಬರೆಯುವ ದಿನ. ಶಾಮಲಮ್ಮ ಟೀಚರ್ ಒಳಗೆ ಬಂದವರು ಸೀದಾ ನನ್ನ ಮುಖ ನೋಡಿದರು.

"ಗಂಗೀ, ನೀನು ಎದ್ದು ಬಾ. ಜಗುಲಿ ಮೇಲೆ ಒಬ್ಳೇ ಕೂತ್ಕೊಂಡು ಬರಿ."

"ಯಾಕೆ ಟೀಚರ್, ನಾನೇನ್ ಮಾಡ್ದೆ?"

"ಇನ್ನೂ ಏನೂ ಮಾಡಿಲ್ಲ. ಅದಕ್ಕೇ."

ಒಳಗೆ ಮೂವತ್ತೇಳು ಪೆನ್ನುಗಳು ಪರಪರ ಓಡುತ್ತಿದ್ದವು. ನಾನು ಜಗುಲಿಯ ಮೇಲೆ ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಕಾಗದದ ಮೇಲೆ 'ಮುದ್ದೆಕೋಲು' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಅಷ್ಟೇ. ಹುಳದ ಮನೆಯ ವಾಸನೆ ಮೂಗಿಗೆ ಬಡಿದಂತಾಗಿ ಅಳು ಬಂತು. ನಿಜ ಹೇಳುತ್ತೇನೆ, ಅತ್ತುಬಿಟ್ಟೆ.

ಟೀಚರ್ ಬಂದು ಪಕ್ಕದಲ್ಲಿ ಕೂತರು. "ನಿಮ್ಮನೆ ಕೋಲು ಹೇಗಿದೆಯೇ?"

"ಕೋಲಿನ ಥರಾನೇ ಇದೆ ಟೀಚರ್."

"ಮೂವತ್ತು ಕೋಲಿನ ಮಧ್ಯ ಇಟ್ರೆ ಹುಡುಕ್ತೀಯಾ?"

"ಕಣ್ಣು ಮುಚ್ಕೊಂಡು ಹುಡುಕ್ತೀನಿ!"

"ಹೇಗೆ?"

"ಹೇಗೇಂದ್ರೆ..." ಅಂತ ಶುರು ಮಾಡಿದೆ. ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ನನಗೆ ಹೇಳ್ಬೇಡ. ಅದಕ್ಕೆ ಹೇಳು," ಅಂತ ಕಾಗದ ತೋರಿಸಿ ಎದ್ದು ಹೋದರು.

ಬರೆದೆ. ಸರಿಯೋ ತಪ್ಪೋ, ಬಾಯಿಗೆ ಬಂದ ಹಾಗೆ ಬರೆದೆ.

ಶನಿವಾರ ಬೆಳಗಿನ ಸ್ಕೂಲು. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೊಂದು ಜನ ಮುದ್ದೆಕೋಲು ತಂದಿದ್ದರು. ಉಳಿದವರದು ಒಂದೆರಡು ಮೊರ, ಒಂದು ಲಾಟೀನು, ಒಂದು ಒನಕೆ, ಹೀಗೆ. ಕೋಲುಗಳೋ ಒಂದೇ ಅಚ್ಚು. ಯಾಕೆಂದರೆ ಸುತ್ತ ನಾಲ್ಕು ಹಳ್ಳಿಗೆ ಕೋಲು ಕೆತ್ತುವವರು ಪರ್ವೀನಳ ಅಪ್ಪ ಮಹಮ್ಮದ್ ಇಸ್ಮಾಯಿಲ್ ಸಾಬರು ಒಬ್ಬರೇ.

ಒಂದೊಂದು ಕೋಲಿಗೂ ಅದರ ಚೀಟಿಯನ್ನು ದಾರದಲ್ಲಿ ಕಟ್ಟಿ ಅಂತ ಟೀಚರ್ ಹೇಳಿ, ಹೆಡ್ಮಾಷ್ಟ್ರನ್ನು ಕರೆತರಲು ಹೋದರು. ಅಷ್ಟರಲ್ಲಿ ಪಂಡಿತರು ಬಂದರು. ಸಾಲು ತಪ್ಪಿದ್ದು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಏನಿದು ಸಂತೆ?" ಅಂದವರೇ ಚೀಟಿಗಳನ್ನೆಲ್ಲ ಬಿಚ್ಚಿಸಿದರು. ಪ್ರಾರ್ಥನೆಗೆ ನಮ್ಮನ್ನು ನಿಲ್ಲಿಸುತ್ತಿದ್ದ ಹಾಗೆ, ಕೋಲುಗಳನ್ನು ಗಿಡ್ಡದಿಂದ ಉದ್ದಕ್ಕೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಚೀಟಿಗಳಿಗೆ, ಹಿಂದಿನ ರಾತ್ರಿಯೇ ಓದಿ ಪಟ್ಟಿ ಮಾಡಿಟ್ಟಿದ್ದ ಮಾರ್ಕು ಹಾಕಿ, ಅದರ ಪ್ರಕಾರ ಎದುರು ಗೋಡೆಯ ಹಗ್ಗಕ್ಕೆ ಸಿಕ್ಕಿಸಿದರು. ಎಲ್ಲಕ್ಕಿಂತ ಮುಂದೆ ಇಪ್ಪತ್ಮೂರು ಮಾರ್ಕಿನ ಚೀಟಿ, ಅವರ ಮಗ ಕದಿರೇಶನದು. ಕೊಟ್ಟ ಕೊನೆಗೆ ನಂದು. ಮೂಲೆಯಲ್ಲಿ ಕೆಂಪಗೆ ನಾಲ್ಕು, ಪಕ್ಕದಲ್ಲಿ 'ಗ್ರಾಮ್ಯ'.

ಹದಿನಾಲ್ಕೂ ನಾಲ್ಕೂ ಹದಿನೆಂಟು. ಮುಗಿಯಿತು. ಟೆಲಿಫೋನ್ ಆಫೀಸಿನ ಕುರ್ಚಿ ಅಲ್ಲೇ ಮಗುಚಿಕೊಂಡು ಬಿತ್ತು.

ಹೆಡ್ಮಾಷ್ಟ್ರು ಬಂದು ನೋಡಿ, "ಶಿಸ್ತಾಗಿದೆ, ಶಿಸ್ತಾಗಿದೆ" ಅಂದರು. ಶಾಮಲಮ್ಮ ಟೀಚರ್ ಗೋಡೆ ನೋಡಿದರು, ಹಗ್ಗ ನೋಡಿದರು, ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಅವರಿಗೆ ಸಿಟ್ಟು ಬಂದರೆ ಹಾಗೆ ಮಾಡುತ್ತಿದ್ದರು.

ಹನ್ನೊಂದಾಯಿತು. ಹೆಡ್ಮಾಷ್ಟ್ರ ಭಾಷಣ ಮುಗಿದಿರಲಿಲ್ಲ. ಹನ್ನೊಂದೂವರೆಗೆ ಗೇಟಿನ ಹತ್ತಿರ ಗಲಾಟೆ ಕೇಳಿಸಿತು. ನೋಡಿದರೆ ಊರಿನ ಹೆಂಗಸರು! ಒಲೆಯ ಮೇಲೆ ಎಸರು ಕುದಿಯುತ್ತಿದೆ, ಕೋಲು ಮನೆಗೆ ಬಂದಿಲ್ಲ. ಎಲ್ಲರಿಗಿಂತ ಮುಂದೆ ನಮ್ಮಜ್ಜಿ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದಳು.

"ಎಲ್ಲೇ ನನ್ ಕೋಲು?"

ಗೋಡೆಗೆ ಒರಗಿದ್ದ ಮೂವತ್ತೊಂದು ಕೋಲುಗಳ ಮೇಲೆ ಇಪ್ಪತ್ತೈದು ಮೂವತ್ತು ಹೆಂಗಸರು ಒಟ್ಟಿಗೆ ಬಿದ್ದರು. "ಇದು ನಂದು", "ಬಿಡೇ, ಇದು ನಂದು", "ನಿನ್ ಕಣ್ಣಿಗೇನ್ ಬಂದಿದೆ?" ಪಂಡಿತರು "ಸಾಲು, ಸಾಲು!" ಅಂತ ಕೂಗಿದರು. ಯಾರೋ ತಿರುಗಿದ ರಭಸಕ್ಕೆ ಅವರ ಮೊಣಕಾಲಿಗೆ ಒಂದು ಕೋಲು ಬಿತ್ತು. ಯಾರದೆಂದು ಹೇಳಲಾರೆ, ನೋಡಿದ್ದೇನೆ, ಆದರೂ ಹೇಳಲಾರೆ.

ಯಾರೋ ಇಸ್ಮಾಯಿಲ್ ಸಾಬರನ್ನು ಕರೆತಂದರು. ಅವರು ಎರಡು ಕೋಲು ಕೈಗೆ ತೆಗೆದುಕೊಂಡು ತಿರುವಿ ನೋಡಿ ಕೆಳಗಿಟ್ಟರು. "ಮೇಷ್ಟ್ರೇ, ಕೆತ್ತೋನು ನಾನು, ಸವೆಸೋರು ಅವ್ರು. ಅದರಿಂದಾಚೆಗೆ ನಂಗೇನ್ ಗೊತ್ತು?" ಅಂದು ಮಗಳ ಪಕ್ಕ ಹೋಗಿ ನಿಂತರು. ತಮಾಷೆ ನೋಡುವುದನ್ನು ಬಿಟ್ಟು ಹೋಗಲು ಅವರಿಗೂ ಮನಸ್ಸಿರಲಿಲ್ಲ.

ಅಷ್ಟರಲ್ಲಿ ನಮ್ಮಜ್ಜಿಗೆ ತನ್ನ ಕೋಲು ಕಂಡಿತು. ಆದರೆ ಅದು ಇದ್ದದ್ದು ವೆಂಕಟರತ್ನಮ್ಮನ ಕೈಯಲ್ಲಿ. ವೆಂಕಟರತ್ನಮ್ಮ ಅಂದರೆ ಪಂಡಿತರ ಹೆಂಡತಿ. ಊರಿಗೆಲ್ಲ ಪಂಡಿತರ ಹೆದರಿಕೆ, ಪಂಡಿತರಿಗೆ ಈಯಮ್ಮನ ಹೆದರಿಕೆ.

"ಕೊಡಮ್ಮ ಇಲ್ಲಿ, ಅದು ನಂದು. ನೋಡು, ಮೇಲೆ ಮೂರು ತೂತಿದೆ," ಅಂದಳು ಅಜ್ಜಿ.

"ಕಣ್ಣೆದುರಿಗೇ ಇದ್ಯಲ್ಲ, ನೋಡ್ಕೊಂಡು ಯಾರು ಬೇಕಾದ್ರೂ ಹೇಳ್ಬೋದು," ಅಂದರು ವೆಂಕಟರತ್ನಮ್ಮ. ಒಂದು ಸಲ ಹಿಡಿದದ್ದನ್ನು ಬಿಡುವ ಜಾಯಮಾನ ಅವರದಲ್ಲ. "ರೀ, ನೀವೇ ಹೇಳ್ರೀ. ಇದು ನಮ್ಮನೇದಲ್ವಾ? ಇಪ್ಪತ್ತು ವರ್ಷದಿಂದ ಇದ್ರಲ್ಲಿ ತೊಳಸಿದ ಹಿಟ್ಟೇ ತಾನೇ ನೀವು ಉಣ್ತಿರೋದು?"

ಪಂಡಿತರು ಕೋಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು. ಹೌದು ಅಂದರೆ ನಮ್ಮಜ್ಜಿ, ಅಲ್ಲ ಅಂದರೆ ಹೆಂಡತಿ. ನಿಜ ಏನೆಂದರೆ ಅವರಿಗೆ ಗೊತ್ತೇ ಇರಲಿಲ್ಲ.

ಆಗ ಶಾಮಲಮ್ಮ ಟೀಚರ್ ಕನ್ನಡಕ ಹಾಕಿಕೊಂಡು ಮುಂದೆ ಬಂದರು. "ಪಂಡಿತರೇ, ಮಕ್ಕಳು ಚೀಟಿ ಬರೆದದ್ದು ನಿನ್ನೆ, ಆಗ ಕೋಲು ಎದುರಿಗಿರಲಿಲ್ಲ. ಇಬ್ಬರ ಚೀಟಿಯನ್ನೂ ಓದಿಬಿಡಿ. ಯಾರ ಚೀಟಿ ಈ ಕೋಲಿನ ಗುರುತು ಹೇಳುತ್ತೋ ಅವರಿಗೇ ಕೋಲು."

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಪಂಡಿತರಿಗೂ ಜೀವ ಬಂದಂತಾಯಿತು, ಮಗನದು ಇಪ್ಪತ್ಮೂರು ಮಾರ್ಕಿನ ಚೀಟಿಯಲ್ಲವೇ? ಗಂಟಲು ಸರಿಮಾಡಿಕೊಂಡು ಓದಿದರು.

"ಮುದ್ದೆಕೋಲು ಮಾನವನಿಗೆ ಅತ್ಯಂತ ಉಪಯುಕ್ತವಾದ ಸಾಧನವಾಗಿದೆ. ಇದು ಮರದಿಂದ ನಿರ್ಮಿತವಾಗಿದೆ. ಇದರ ಆಕಾರವು ನೀಳವಾಗಿದೆ. ಪುರಾತನ ಕಾಲದಿಂದಲೂ ನಮ್ಮ ಹಿರಿಯರು ಇದನ್ನು ಬಳಸುತ್ತ ಬಂದಿರುವರು. ಇದರ ಮಹತ್ವವು ವರ್ಣನಾತೀತವಾಗಿದೆ..."

"ಹೌದಪ್ಪ, ನಮ್ಮನೇದೂ ನೀಳವಾಗೇ ಇದೆ," ಅಂದಳು ಹಿಂದಿನಿಂದ ಒಬ್ಬಳು. "ನಮ್ಮದೂ ಮರದ್ದೇ," ಅಂದಳು ಇನ್ನೊಬ್ಬಳು. ಹೆಂಗಸರೆಲ್ಲ ನಕ್ಕರು. ಇಸ್ಮಾಯಿಲ್ ಸಾಬರು ಟೋಪಿಯಿಂದ ಬಾಯಿ ಮುಚ್ಚಿಕೊಂಡರು. ಕದಿರೇಶ ಪಾಪ, ನೆಲ ನೋಡುತ್ತಿದ್ದ. ಅವನದೇನು ತಪ್ಪು? ಅಪ್ಪ ಹೇಳಿದ್ದನ್ನು ಬರೆದಿದ್ದ.

"ಇನ್ನೊಂದು," ಅಂದರು ಟೀಚರ್.

ಪಂಡಿತರು ಹಗ್ಗದ ತುದಿಯಿಂದ ನನ್ನ ಚೀಟಿಯನ್ನು ಎರಡು ಬೆರಳಲ್ಲಿ ತೆಗೆದರು. ಅದರಲ್ಲಿ ಏನೇನು ಬರೆದಿದ್ದೇನೆ ಅಂತ ಆಗ ನೆನಪಾಯಿತು ನೋಡಿ! ತಪ್ಪಿಸಿಕೊಳ್ಳೋಣವೆಂದರೆ ಅಜ್ಜಿ ನನ್ನ ಜಡೆ ಹಿಡಿದು ನಿಂತಿದ್ದಳು.

"ಇದು ನಮ್ಮಜ್ಜಿ ಭಾರತಮ್ಮನ ಕೋಲು. ನಮ್ಮಜ್ಜಿ ಎಡಚಿ. ಅದಕ್ಕೆ ಕೋಲಿನ ಬುಡ ಒಂದೇ ಕಡೆ ಸವೆದಿದೆ. ಬೇರೆಯವರದು ಸವೆಯೋ ಕಡೆ ನಮ್ಮದು ದಪ್ಪಗಿದೆ. ಮೇಲುಗಡೆ ಮೂರು ತೂತಿದೆ. ನೇತುಹಾಕೋಕೆ ಒಂದೇ ಸಾಕು. ಇನ್ನೆರಡು ನಮ್ಮ ತಾತ ಕುಡಿದು ಬಂದು ಕೊರೆದದ್ದು. ಹಿಡಿ ಮೇಲೆ ಪುಟ್ಟ ಹಲ್ಲಿನ ಗುರುತು ನಾಕಿದೆ. ಅದು ನಂದು. ನನಗೆ ಹಲ್ಲು ಬರೋವಾಗ ಅಜ್ಜಿ ಕಡಿಯೋಕೆ ಕೊಟ್ಟಿದ್ದಳು..."

ಪಂಡಿತರು ಓದುವುದನ್ನು ನಿಲ್ಲಿಸಿದರು. ಕೋಲನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಒಂದು, ಎರಡು, ಮೂರು, ನಾಲ್ಕು.

"ಮುಂದಕ್ಕೆ ಓದಿ ಮೇಷ್ಟ್ರೇ!" ಹೆಂಗಸರು ಕೂಗಿದರು.

"ನಡುವೆ ಒಂದು ಬಿರುಕಿದೆ, ಅದಕ್ಕೆ ಅರಗು ತುಂಬಿದೆ. ಅದು ತಾತನ... ತಾತನ ಬೆನ್ನಿಗೆ ಬಿದ್ದಾಗ ಬಿಟ್ಟದ್ದು. ಒಂದೇ ಸಲ ಅಂತಾಳೆ ಅಜ್ಜಿ. ಎರಡು ಸಲ ಅಂತಿದ್ದರು ತಾತ. ಈ ಕೋಲಿಲ್ಲದಿದ್ದರೆ ನಮ್ಮನೇಲಿ ಹನ್ನೊಂದು ಜನಕ್ಕೆ ಹಿಟ್ಟಿಲ್ಲ. ಅದಕ್ಕೆ ನೋಡಿದವರು ಬೇಗ ನೋಡಿ ಹನ್ನೊಂದು ಗಂಟೆಗೆ ವಾಪಸ್ ಕೊಟ್ಟುಬಿಡಿ."

ಸ್ಕೂಲಿನ ಹೆಂಚು ಹಾರಿಹೋಗುವ ಹಾಗೆ ನಗು. ಅಜ್ಜಿ ನನ್ನ ಜಡೆಯನ್ನು ಒಂದು ಸಲ ಜಗ್ಗಿ ಬಿಟ್ಟಳು. ಕೋಲನ್ನು ಎಡಗೈಯಲ್ಲಿ ತೆಗೆದುಕೊಂಡು, ಗಾಳಿಯಲ್ಲೇ ಎರಡು ಸುತ್ತು ಹಿಟ್ಟು ತೊಳಸಿ ತೋರಿಸಿದಳು. ಸವೆದ ಬುಡವು ಅಲ್ಲಿಲ್ಲದ ಮಡಕೆಯ ಮೈಗೆ ಸರಿಯಾಗಿ ಕೂತಿತು. ಅದನ್ನು ಕಂಡ ಮೇಲೆ ವೆಂಕಟರತ್ನಮ್ಮನೂ ಮಾತಾಡಲಿಲ್ಲ. ಅಂದರೆ ನಮ್ಮಜ್ಜಿಯ ಜೊತೆ ಮಾತಾಡಲಿಲ್ಲ. ಗಂಡನ ಕಡೆ ತಿರುಗಿದರು.

"ಹಾಗಾದ್ರೆ ನಮ್ಮನೆ ಕೋಲು ಎಲ್ರೀ? ಹುಡುಕಿಕೊಡಿ. ಓದಿದ್ರಲ್ಲ, ಇಪ್ಪತ್ಮೂರು ಮಾರ್ಕಿನ ಚೀಟಿ!"

"ಅದರ ಮಹತ್ವ..." ಅಂದರು ಪಂಡಿತರು.

ಉಳಿದ ಮೂವತ್ತು ಕೋಲಿಗೂ ಅದೇ ಪಾಡು. ಹಗ್ಗದ ಮೇಲಿನ ಮೂವತ್ತು ಚೀಟಿಯಲ್ಲೂ ಅದೇ ಸಾಧನ, ಅದೇ ಪುರಾತನ ಕಾಲ. ಅದನ್ನು ಓದಿ ಕೋಲು ಹುಡುಕಿದರೆ ಊರು ಮುಂದಿನ ಶನಿವಾರ ಉಣ್ಣಬೇಕಾಗಿತ್ತು. ಶಾಮಲಮ್ಮ ಟೀಚರ್ ಚಪ್ಪಾಳೆ ತಟ್ಟಿದರು. "ಮಕ್ಕಳೇ, ಚೀಟಿ ತಿರುವಿಹಾಕಿ. ನಿಮ್ಮ ನಿಮ್ಮ ಅಮ್ಮಂದಿರನ್ನ ಗೋಡೆಗೆ ಬೆನ್ನು ಮಾಡಿ ಕೂರಿಸಿ. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ. ಹೇಗೆ ಅಂತ ಗೊತ್ತಾಗದೋರು ಗಂಗಿಯನ್ನ ಕೇಳಿ."

ನನ್ನನ್ನು! ಕನ್ನಡಕ್ಕೆ! ಪರ್ವೀನ್ ಮೊದಲು ಬಂದು, "ಏನ್ ಕೇಳೋದೇ ಅಮ್ಮೀನ?" ಅಂದಳು. "ಕೋಲು ಯಾವತ್ತು ಕೈಜಾರಿ ಬಿತ್ತು ಅಂತ ಕೇಳು, ಮಿಕ್ಕಿದ್ದು ಅವರೇ ಹೇಳ್ತಾರೆ," ಅಂದೆ. ಅಮ್ಮಂದಿರು ಹೇಳತೊಡಗಿದರು ನೋಡಿ. ಸುಟ್ಟ ಗುರುತು, ಗೆದ್ದಲು ತಿಂದ ತುದಿ, ಅತ್ತೆ ಬೈದ ದಿನ ನೆಲಕ್ಕೆ ಕುಕ್ಕಿ ಒಡೆದ ಅಂಚು. ಪಾಠ ಒಪ್ಪಿಸುವಾಗ ತೊದಲುತ್ತಿದ್ದ ಹುಡುಗರೆಲ್ಲ ಕಾಗದ ಸಾಲದೆ ಅಂಚಿನಲ್ಲಿ ಬರೆಯುತ್ತಿದ್ದರು. ಒಂದೊಂದೇ ಕೋಲು ಮನೆಗೆ ಹೊರಟಿತು. ಊರು ಅವತ್ತು ಉಂಡದ್ದು ಮೂರು ಗಂಟೆಗೆ.

ಕೊನೆಗೆ ಉಳಿದದ್ದು ಪಂಡಿತರ ಮನೆಯದು. ಕದಿರೇಶನ ಬೆನ್ನು ತಟ್ಟಿ, ಪಂಡಿತರೇ ಅವನ ಕೈಯಿಂದ ಕಾಗದ ತೆಗೆದುಕೊಂಡರು. ಹೆಂಡತಿಯ ಎದುರು ಜಗುಲಿಯ ಮೇಲೆ ಕೂತು, ಪೆನ್ನು ಬಿಚ್ಚಿ, ಮೆಲ್ಲಗೆ ಅಂದರು: "ಹೇಳು. ಬರ್ಕೋತೀನಿ."

ವೆಂಕಟರತ್ನಮ್ಮ ಹೇಳುತ್ತಾ ಹೋದರು. ಮೊದಲು ಗದರಿಕೊಂಡು, ಆಮೇಲೆ ನಿಧಾನವಾಗಿ. ಆ ಕೋಲು ಅವರು ಮದುವೆಯಾಗಿ ಬಂದಾಗ ಪಕ್ಕದ ಹಳ್ಳಿಯ ತೌರಿನಿಂದ ತಂದದ್ದಂತೆ. ಪಂಡಿತರು ತಲೆ ಎತ್ತದೆ ಬರೆಯುತ್ತಿದ್ದರು, ಒಂದು ಕಡೆಯೂ 'ಗ್ರಾಮ್ಯ' ಅನ್ನಲಿಲ್ಲ.

ಅವರು ಮುಗಿಸುವುದನ್ನೇ ಕಾದಿದ್ದು ನನ್ನ ಚೀಟಿ ಹಿಡಿದುಕೊಂಡು ಎದುರಿಗೆ ಹೋಗಿ ನಿಂತೆ. ನನ್ನ ಬಾಯಿ ಸುಮ್ಮನಿರಲಿಲ್ಲ.

"ಸಾರ್, ಹದಿನಾಕೂ ನಾಕೂ ಹದಿನೆಂಟು ಸಾರ್. ಫಾರಂ ಹೋಗಲ್ಲ."

ಪಂಡಿತರು ಚೀಟಿ ಇಸಕೊಂಡರು. ತಾವು ಕೊಟ್ಟ ಮಾರ್ಕನ್ನು ತಾವೇ ಹೊಡೆದುಹಾಕುವ ಮನುಷ್ಯ ಅವರಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಮಾಡಿರಲಿಲ್ಲ, ಅವತ್ತೂ ಮಾಡಲಿಲ್ಲ. ಕೆಂಪು ಪೆನ್ನು ತೆಗೆದು, ಆ ನಾಲ್ಕರ ಎಡಗಡೆಗೆ ಎರಡು ಅಂತ ಬರೆದರು. ಇಪ್ಪತ್ನಾಲ್ಕು!

"ಹೋಗು. ಕಾಗುಣಿತ ತಿದ್ದಿಕೋ," ಅಂದರು.

ನಾನು ಗೇಟಿನವರೆಗೆ ಓಡಿದೆ. ಅಲ್ಲಿ ಬಸ್ಸಿಗೆ ಹೊರಟಿದ್ದ ಶಾಮಲಮ್ಮ ಟೀಚರ್ ಕೈ ಹಿಡಿದು ನಿಲ್ಲಿಸಿದರು. "ಎಲ್ರೂ ಕೋಲೇ ತಂದಿದ್ದು ಯಾರ ಕಿತಾಪತಿ ಅಂತ ನನಗೆ ಗೊತ್ತು ಕಣೇ," ಅಂದರು. ಬೈಯುತ್ತಾರೆ ಅಂದುಕೊಂಡೆ. ಕೆನ್ನೆ ಹಿಂಡಿ ಬಸ್ಸು ಹತ್ತಿದರು.

ಸಾಯಂಕಾಲ ಒಲೆಯ ಮುಂದೆ ಕೂತಾಗ ಅಜ್ಜಿ, "ಆ ಚೀಟಿ ಇನ್ನೊಂದ್ ಸಲ ಓದೇ," ಅಂದಳು. ಅವಳಿಗೆ ಓದು ಬಾರದು. ಓದಿದೆ. ಹಲ್ಲಿನ ಗುರುತಿನ ಹತ್ತಿರ ಬಂದಾಗ ಕೋಲಿನ ಹಿಡಿ ಸವರಿಕೊಂಡಳು. ಕೊನೆಯವರೆಗೂ ಕೇಳಿ, ಚೀಟಿಯನ್ನು ನನ್ನ ಕೈಯಿಂದ ಇಸಕೊಂಡು, ಕೋಲು ನೇತುಹಾಕುವ ಮೊಳೆಗೇ ಚುಚ್ಚಿದಳು.

"ಎಲ್ಲಾ ಸರಿಯಾಗಿ ಬರ್ದಿದ್ದೀಯ. ಒಂದೇ ತಪ್ಪು."

"ಏನಜ್ಜೀ?"

"ನಿಮ್ ತಾತನ ಬೆನ್ನಿನ ಲೆಕ್ಕ," ಅಂದಳು. "ಮೂರು ಸಲ."